ತಿಮಿಂಗಿಲದ ಬಾಯಿ, ಚಿಟಿಕೆಯ ಗಂಟಲು

ಹನ್ನೊಂದು ದಿನ ಉಪವಾಸ ಕೂತಿದ್ದ ತಿಮಿಂಗಿಲಕ್ಕೆ ನಾನು ಕೈಯಾರೆ ಊಟ ಮಾಡಿಸಿದ್ದೇನೆ. ಹಡಗಿನ ಕ್ಯಾಪ್ಟನ್ ಸೋತ, ದನದ ಡಾಕ್ಟರು ಸೋತರು, ಕೊನೆಗೆ ನನಗೆ ಹೇಳಿಕಳಿಸಿದರು. ನಾನು ಹೋಗಿ ಅದರ ಕಿವಿಯ ಹತ್ತಿರ ಕೂತು ಒಂದು ಕತೆ ಹೇಳಿದೆ. ಕತೆ ಕೇಳಿ ಅದು ಬೆರಗಾಗಿ ಬಾಯಿ ಬಿಟ್ಟಿತು ನೋಡಿ, ಬಸ್ ನಿಲ್ದಾಣದಷ್ಟು ಅಗಲ! ಒಂಬತ್ತು ಲಾರಿ ಬಾಳೆಹಣ್ಣನ್ನು ಒಂದೇ ಸಲಕ್ಕೆ ಸುರಿದೆ. ಗುಳುಂ! ಆಮೇಲೆ ಅದು ತೇಗಿದ ರಭಸಕ್ಕೆ ಮೂರು ದೋಣಿಗಳು ದಡಕ್ಕೆ ಬಂದು ಬಿದ್ದವು. ನಂಬದವರು ಹೋಗಿ ತಿಮಿಂಗಿಲವನ್ನೇ ಕೇಳಿ.

ನನ್ನನ್ನು ಎಲ್ಲರೂ ಬಂಡಲ್ ತಾತ ಎಂದು ಕರೆಯುತ್ತಾರೆ. ಅಂಗಡಿಯ ತುಂಬ ಸೂರು ಮುಟ್ಟುವಷ್ಟು ಫೋಮಿನ ಬಂಡಲ್ ಇರುವುದರಿಂದ ಈ ಹೆಸರು ಬಂತೆಂದು ಹೊಸಬರಿಗೆ ಹೇಳುತ್ತೇನೆ. ಹಳಬರು ಮುಖ ಆ ಕಡೆ ತಿರುಗಿಸಿ ನಗುತ್ತಾರೆ.

ನನ್ನದು ಸೀಟು ಹೊಲಿಯುವ ಕಸುಬು. ಬಸ್ಸಿನ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಹಲ್ಲಿನ ಡಾಕ್ಟರ ಒರಗು ಕುರ್ಚಿ, ಯಾವುದಾದರೂ ಸರಿ. ನಾನು ಹೊಲಿದ ಸೀಟಿನಲ್ಲಿ ಕೂತವರು ತಮ್ಮ ಸ್ಟಾಪು ಬಂದರೂ ಏಳುವುದಿಲ್ಲ. ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಮಗ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಸೊಸೆ ನನ್ನ ಜೊತೆ ಅಂಗಡಿಯಲ್ಲಿ ಸೀಟಿನ ಅಂಚು ಹೊಲಿಯುತ್ತಾಳೆ. ದಿನಾ ಮಧ್ಯಾಹ್ನ ಮೂರು ಗಂಟೆಗೆ ತಯಾರಾದ ಕವರುಗಳನ್ನು ಗ್ಯಾರೇಜುಗಳಿಗೆ ಕೊಟ್ಟುಬರಲು ಹೋಗುತ್ತಾಳೆ. ಆ ಒಂದು ಗಂಟೆ ಮೊಮ್ಮಗಳು ನನ್ನ ಪಾಲಿಗೆ.

ಮೊಮ್ಮಗಳಿಗೆ ಎರಡೂವರೆ ವರ್ಷ. ಎರಡು ತಿಂಗಳು ಮುಂಚೆಯೇ ಹುಟ್ಟಿದವಳು. ಹುಟ್ಟಿದಾಗ ಅಷ್ಟೇ ಅಷ್ಟು ಇದ್ದಳು, ಅದಕ್ಕೇ ನಮಗೆಲ್ಲ ಅವಳು ಚಿಟಿಕೆ. ಅವಳಿಗಾಗಿ ನಾನೊಂದು ಪುಟ್ಟ ರಾಜಾಸನ ಮಾಡಿಕೊಟ್ಟಿದ್ದೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಉಳಿದ ಫೋಮು, ಮೇಲೆ ಕೆಂಪು ರೆಕ್ಸಿನ್. ಕೂತ ಕೂಡಲೇ ಬೆನ್ನು ಹಿಂದಕ್ಕೆ ಜಾರಿ, ಕಾಲು ಮೇಲೆದ್ದು, ಮುಖ ಸೂರಿನ ಕಡೆಗೆ! ಅಂಥ ಆಸನ ಯಾವ ಅರಮನೆಯಲ್ಲೂ ಇಲ್ಲ.

ಆದರೆ ಚಿಟಿಕೆಯ ಊಟವೆಂದರೆ ಯುದ್ಧ. ಎರಡು ಗುಟುಕು ಹಾಲು ಕುಡಿದರೆ ಕೆಮ್ಮು. ಕಣ್ಣಲ್ಲಿ ನೀರು. ಆಮೇಲೆ ಮಾತಾಡಿದರೆ ನೀರೊಳಗಿಂದ ಮಾತಾಡಿದ ಹಾಗೆ ಗುಳುಗುಳು ದನಿ. ಬಾಯಿಗಿಟ್ಟದ್ದು ಕೆನ್ನೆಯಲ್ಲೇ ಅಳಿಲಿನ ಹಾಗೆ ಕೂತಿರುತ್ತದೆ. ಒಂದು ಬಟ್ಟಲು ಖಾಲಿಯಾಗಲು ಒಂದೂವರೆ ಗಂಟೆ. ಅಷ್ಟಾದರೂ ಮೈ ಹತ್ತಲಿಲ್ಲ. ಒಂದೇ ವರ್ಷದಲ್ಲಿ ಮೂರು ಸಲ ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು, ಆಸ್ಪತ್ರೆಯ ಮಂಚ ಹತ್ತಿದಳು.

"ಹಟ ಕಣಮ್ಮ, ಶುದ್ಧ ಹಟ," ಎಂದು ನಾನು ಸೊಸೆಗೆ ಹೇಳುತ್ತಿದ್ದೆ. "ಕೆಮ್ಮಿದ್ರೆ ಅಮ್ಮ ಚಮಚ ಕೆಳಗಿಡ್ತಾಳೆ ಅಂತ ಅದಕ್ಕೆ ಗೊತ್ತಾಗಿಬಿಟ್ಟಿದೆ. ನಿನ್ನ ಬೆರಳ ತುದೀಲಿ ಕುಣಿಸ್ತಿದೆ."

"ಹಟಕ್ಕೆ ಯಾರಾದ್ರೂ ಮುಖ ಕೆಂಪಾಗೋ ಹಾಗೆ ಕೆಮ್ತಾರಾ ಮಾವ?"

"ನಿನ್ನ ಗಂಡನೂ ಹೀಗೇ ಇದ್ದ. ಒಂದು ತುತ್ತಿಗೆ ಒಂದು ಕತೆ ಹೇಳಿ ಬೆಳೆಸಿದೆ. ಈಗ ನೋಡು, ಅವನ ಹೊಟ್ಟೆಗೂ ಸ್ಟೀರಿಂಗಿಗೂ ಮಧ್ಯೆ ಒಂದು ಕಾಗದ ತೂರಲ್ಲ."

ಅವಳು ನಗಲಿಲ್ಲ. "ನಂಗೆ ಭಯ ಆಗುತ್ತೆ ಮಾವ. ಯಾರಿಗಾದ್ರೂ ತೋರಿಸೋಣ."

"ಊಟ ಮಾಡಕ್ಕೆ ಬರಲ್ಲ ಅಂತ ಡಾಕ್ಟರ ಹತ್ರ ಹೋದ್ರೆ ಜನ ಬಿದ್ದುಬಿದ್ದು ನಗ್ತಾರೆ. ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡು."

ಈ ಕೊನೆಯ ಮಾತನ್ನು ನಾನು ನೂರು ಸಲ ಹೇಳಿದ್ದೇನೆ. ಈ ನೂರರ ಲೆಕ್ಕದಲ್ಲಿ ಮಾತ್ರ ಬಂಡಲ್ ಇಲ್ಲ.

ಒಂದು ದಿನ ಮಧ್ಯಾಹ್ನ ಮೂರೂವರೆ. ಸೊಸೆ ಕವರು ಕೊಡಲು ಹೋಗಿದ್ದಳು. ನಾನು ಕ್ಷೌರದಂಗಡಿಯ ಕುರ್ಚಿಗೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದೆ. ಹಿಂದೆ ತಿರುಗಿ ನೋಡುತ್ತೇನೆ, ರಾಜಾಸನದಲ್ಲಿ ಚಿಟಿಕೆ ಕಣ್ಣು ಅರಳಿಸಿಕೊಂಡು ಕೂತಿದ್ದಾಳೆ. ಬಾಯಿ ತೆರೆದಿದೆ. ಅಳುವಿಲ್ಲ, ಕೆಮ್ಮಿಲ್ಲ, ಉಸಿರಿಲ್ಲ. ತುಟಿ ನೀಲಿ.

ನನ್ನ ಕೂಗು ಏಳು ಊರಿಗೆ ಕೇಳಿಸಿತು ಎಂದು ಹೇಳಬಹುದಿತ್ತು. ಆದರೆ ಅಂದು ನನ್ನ ಗಂಟಲಿಂದ ಹೊರಟದ್ದು ಬೆಕ್ಕಿನ ಮರಿಯ ದನಿ. ಕೈಯಲ್ಲಿದ್ದ ಸುತ್ತಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಮಗುವನ್ನು ಎತ್ತಿಕೊಂಡು ಬೀದಿಗೆ ಬಂದೆ. ಎದುರುಮನೆಯ ನರ್ಸಮ್ಮ ಆಗ ತಾನೇ ಡ್ಯೂಟಿ ಮುಗಿಸಿ ಬೀಗ ತೆಗೆಯುತ್ತಿದ್ದಳು. ನನ್ನ ಮುಖ ನೋಡಿದವಳೇ ಓಡಿ ಬಂದಳು.

ಮೆಟ್ಟಿಲ ಮೇಲೆ ಕೂತು, ಚಿಟಿಕೆಯನ್ನು ತೊಡೆಯ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಎರಡು ಭುಜಗಳ ನಡುವೆ ಅಂಗೈಯ ಬುಡದಿಂದ ಹೊಡೆದಳು. ಒಂದು. ಎರಡು. ಮೂರು. ನಾಲ್ಕನೆಯ ಏಟಿಗೆ ಹಾಲಲ್ಲಿ ನೆನೆದ ಬ್ರೆಡ್ಡಿನ ಚೂರೊಂದು ಮೆಟ್ಟಿಲ ಮೇಲೆ ಬಿತ್ತು. ಚಿಟಿಕೆ ಉಸಿರೆಳೆದು ಕಿಟಾರನೆ ಕಿರುಚಿದಳು. ಮಗುವಿನ ಅಳು ಕೇಳಿ ಕೈ ಮುಗಿದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

"ಏನು ಕೊಟ್ರಿ? ಯಾರು ಕೊಟ್ಟಿದ್ದು?" ಎಂದು ನರ್ಸಮ್ಮ ಕೇಳಿದಳು.

ಅದೇ ಹೊತ್ತಿಗೆ ಸೊಸೆ ಬೀದಿಯ ತಿರುವಿನಿಂದ ಓಡಿ ಬರುತ್ತಿದ್ದಳು.

"ಮಧ್ಯಾಹ್ನ ಅವಳಮ್ಮ ಬ್ರೆಡ್ಡು ಹಾಲು ತಿನ್ನಿಸಿದ್ಲು," ಎಂದೆ. "ಅದೇ ಕೆನ್ನೇಲಿ ಉಳ್ಕೊಂಡಿರ್ಬೇಕು. ಕೆನ್ನೆ ನೋಡದೆ ಹೋಗಿದ್ದಾಳೆ."

ಸೊಸೆ ನಿಂತಲ್ಲೇ ನಿಂತಳು. ಕೈಚೀಲ ಜಾರಿ ಬಿತ್ತು. "ನೋಡಿದ್ದೆ ಅನ್ಸುತ್ತೆ," ಎಂದಳು ಮೆಲ್ಲಗೆ. ಆಮೇಲೆ, "ನೋಡಿದ್ನಾ?" ಎಂದು ತನ್ನನ್ನೇ ಕೇಳಿಕೊಂಡಳು.

ಅಂದು ಸಂಜೆ ಚಿಟಿಕೆಯನ್ನು ಡಾಕ್ಟರಿಗೆ ತೋರಿಸಿ ಕರೆತಂದ ಮೇಲೆ ನರ್ಸಮ್ಮ ಅಂಗಡಿಯಲ್ಲೇ ಕೂತಳು.

"ತಾತ, ಇದು ಹಟ ಅಲ್ಲ. ಮಗೂಗೆ ನುಂಗೋದೇ ಕಷ್ಟ. ಗಂಟಲಲ್ಲಿ ಎರಡು ದಾರಿ ಇರುತ್ತೆ. ಒಂದು ಊಟಕ್ಕೆ, ಇನ್ನೊಂದು ಉಸಿರಿಗೆ. ನುಂಗೋವಾಗ ಉಸಿರಿನ ದಾರಿ ಸರಿಯಾದ ಹೊತ್ತಿಗೆ ಮುಚ್ಚಬೇಕು. ಇವಳಿಗೆ ಆ ತಾಳ ತಪ್ತಿದೆ. ಹಾಲು ಎದೆಗೆ ಇಳೀತಿರ್ಬೇಕು. ಪದೇ ಪದೇ ಕಫ ಕಟ್ಟೋದೂ ಅದಕ್ಕೇ ಇರಬಹುದು."

"ಯಾರ ಮನೆ ಮಕ್ಕಳೂ ಕೆಮ್ಮಲ್ವೇನಮ್ಮ?"

"ನಿಮ್ಮ ಮಿಷನ್ನಲ್ಲಿ ಮೇಲಿನ ದಾರ, ಕೆಳಗಿನ ದಾರ ತಾಳ ತಪ್ಪಿ ಗಂಟು ಬಿದ್ರೆ ಏನು ಮಾಡ್ತೀರಿ? ರೆಕ್ಸಿನ್‌ಗೆ ಹಟಮಾರಿ ಅಂತ ಬೈತೀರಾ?"

ನಾನು ಎದ್ದು ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದೆ.

"ದೊಡ್ಡಾಸ್ಪತ್ರೇಲಿ ಮಾತಿನ ಥೆರಪಿ ಮೇಡಂ ಇದ್ದಾರೆ. ಅವರ ಹತ್ರ ಹೋಗಿ," ಎಂದಳು ನರ್ಸಮ್ಮ.

"ನುಂಗಕ್ಕೆ ಬರಲ್ಲ ಅಂದ್ರೆ ಮಾತು ಕಲಿಸೋರ ಹತ್ರ ಕಳಿಸ್ತೀಯಲ್ಲಮ್ಮ!"

"ಮಾತಾಡೋಕೂ ನುಂಗೋಕೂ ಇರೋದು ಒಂದೇ ನಾಲಿಗೆ ತಾತ. ನಿಮಗೆ ಎರಡಿದ್ರೂ ಇರಬಹುದು."

ಸೊಸೆ ಮಾರನೆಯ ದಿನವೇ ಹೊರಟಳು. ನಾನು ಹಿಂದೆ ಹೋದೆ, ಆಸ್ಪತ್ರೆಯವರ ತಪ್ಪು ಹುಡುಕೋಣ ಎಂದು.

ಥೆರಪಿ ಮೇಡಂ ಎಂದರೆ ನನ್ನ ಮೊಳದ ಕೋಲಿಗಿಂತ ನಾಲ್ಕು ಬೆರಳು ಎತ್ತರದ ಹುಡುಗಿ. ಮೊದಲ ದಿನ ಅವಳು ಬರೀ ಚಿಟಿಕೆ ತಿನ್ನುವುದನ್ನು ನೋಡಿದಳು. ಗಂಟಲ ಮೇಲೆ ಎರಡು ಬೆರಳು ಹಗುರವಾಗಿ ಇಟ್ಟು, ನುಂಗುವುದನ್ನು ಎಣಿಸಿದಳು. ಆಮೇಲೆ ಡಾಕ್ಟರ ಜೊತೆ ಮಾತಾಡಿ ಒಂದು ಪರೀಕ್ಷೆ ಮಾಡಿಸಿದರು. ಎಕ್ಸ್‌ರೇಯಲ್ಲಿ ಕಾಣುವ ಮದ್ದು ಬೆರೆಸಿದ ಹಾಲನ್ನು ಚಿಟಿಕೆಗೆ ಕುಡಿಸಿ, ಅದು ಇಳಿಯುವ ದಾರಿಯನ್ನು ಪರದೆಯ ಮೇಲೆ ತೋರಿಸಿದರು.

ಕಪ್ಪು ದಾರದಂತೆ ಹಾಲು ಇಳಿಯಿತು. ಅರ್ಧ ದಾರಿಯಲ್ಲಿ ದಾರ ಎರಡಾಗಿ ಸೀಳಿತು. ಒಂದು ಎಳೆ ಹಿಂದಕ್ಕೆ, ಹೊಟ್ಟೆಯ ಕಡೆಗೆ. ಇನ್ನೊಂದು ಮುಂದಕ್ಕೆ, ನೇರ ಎದೆಗೆ.

"ಕೆಮ್ಮಲೇ ಇಲ್ಲವಲ್ಲ!" ಎಂದು ಸೊಸೆ ಚೀರಿದಳು.

"ಅದೇ ನೋಡಿ," ಎಂದಳು ಮೇಡಂ. "ಕೆಮ್ಮು ಅಂದ್ರೆ ಕಾವಲುಗಾರ ಕೂಗಿದ ಹಾಗೆ. ಇವಳ ಕಾವಲುಗಾರ ಒಂದೊಂದು ಸಲ ನಿದ್ದೆ ಹೋಗ್ತಾನೆ. ಆಗ ಸದ್ದೇ ಇಲ್ಲದೆ ಹಾಲು ಎದೆಗೆ ಇಳಿಯುತ್ತೆ. ಮನೇಲಿ ಎಲ್ರೂ, ಇವತ್ತು ಚೆನ್ನಾಗಿ ಕುಡಿದ್ಲು ಅಂತ ಖುಷಿಪಡ್ತಾರೆ."

ನನಗೆ ಗರ ಬಡಿದ ಹಾಗಾಯಿತು. ಕೆಮ್ಮದೆ ಕುಡಿದ ಎಷ್ಟು ಲೋಟಗಳಿಗೆ ನಾನು ಚಪ್ಪಾಳೆ ತಟ್ಟಿದ್ದೇನೆ! ಅಷ್ಟೂ ಆ ಪುಟ್ಟ ಎದೆಗೆ ಇಳಿದಿತ್ತೇ? ಕೂತಿದ್ದ ಬೆಂಚಿನ ಸೀಟು ಹರಿದಿತ್ತು, ಫೋಮು ಹೊರಗೆ ಬಂದಿತ್ತು, ನಾನದನ್ನು ಗಮನಿಸಲೂ ಇಲ್ಲ. ನನ್ನ ಕಸುಬು ಬಲ್ಲವರಿಗೆ ಇದು ಎಂಥ ಮಾತೆಂದು ಗೊತ್ತು.

ಮೇಡಂ ಸೊಸೆಗೆ ಒಂದೊಂದಾಗಿ ಹೇಳಿಕೊಟ್ಟಳು. ಮಗು ನೆಟ್ಟಗೆ ಕೂರಬೇಕು. ಸೊಂಟ ಸೀಟಿನ ಹಿಂಬದಿಗೆ ಅಂಟಿರಬೇಕು, ಪಾದ ಊರಿರಬೇಕು, ಗದ್ದ ಚೂರು ಕೆಳಗಿರಬೇಕು. ಚಪ್ಪಟೆ ಪುಟ್ಟ ಚಮಚದಲ್ಲಿ ಸ್ವಲ್ಪ ಸ್ವಲ್ಪ. ಒಂದು ತುತ್ತು ನುಂಗಿ ಬಾಯಿ ಖಾಲಿಯಾದ ಮೇಲೆಯೇ ಇನ್ನೊಂದು. ಹಾಲನ್ನು ಅವರು ಹೇಳಿದ ಅಳತೆಯಲ್ಲಿ ಮಂದ ಮಾಡಿ ಕೊಡಬೇಕು. ಬ್ರೆಡ್ಡು ಹಾಲು ಒಟ್ಟಿಗೆ ಬೇಡವೇ ಬೇಡ. ಮುಖ ತಿರುಗಿಸಿದರೆ ನಿಲ್ಲಿಸಬೇಕು, ಮೂಗು ಹಿಡಿದು ತುರುಕಬಾರದು. ಅರ್ಧ ಗಂಟೆಗಿಂತ ಊಟ ಎಳೆಯಬಾರದು. ಊಟವಾದ ಮೇಲೆ ಕೂಡಲೇ ಮಲಗಿಸಬಾರದು.

"ಇನ್ನೊಂದು," ಎಂದಳು. "ಬಾಯಲ್ಲಿ ಊಟ ಇದ್ದಾಗ ನಗಿಸಬಾರದು, ಬೆಚ್ಚಿಬೀಳಿಸಬಾರದು. ನಗೋವಾಗ, ಬೆರಗಾದಾಗ ಉಸಿರು ಒಳಕ್ಕೆ ಎಳ್ಕೊಳ್ತಾರೆ. ಬಾಯಲ್ಲಿದ್ದದ್ದೂ ಅದರ ಜೊತೆ ಹೋಗುತ್ತೆ."

ನಾನು ಕಿಟಕಿಯ ಹೊರಗೆ ನೋಡಿದೆ.

"ಇವೆಲ್ಲ ಚಿಟಿಕೆಯನ್ನ ನೋಡಿ ಹೇಳಿದ್ದು," ಎಂದು ಮೇಡಂ ಮತ್ತೆ ಹೇಳಿದಳು. "ಇನ್ನೊಂದು ಮಗೂಗೆ ಇದೇ ಸರಿ ಅಂತ ಇಲ್ಲ. ಅದನ್ನೂ ಕರ್ಕೊಂಡು ಬಂದು ತೋರಿಸ್ಬೇಕು."

ಚಿಟಿಕೆ ನೆಟ್ಟಗೆ ಕೂತು ತಿನ್ನಲು ಹೊಸ ಕುರ್ಚಿಯನ್ನು ನಾನು ಒಂದೇ ಏಟಿಗೆ ಮಾಡಿ ಮುಗಿಸಿದೆ. ಸರಿ, ಐದು ಏಟಿಗೆ. ನಾಲ್ಕನ್ನು ಮೇಡಂ ವಾಪಸ್ ಕಳಿಸಿದಳು. ಒಂದರಲ್ಲಿ ಪಾದ ನೇತಾಡುತ್ತಿತ್ತು, ಇನ್ನೊಂದರಲ್ಲಿ ಫೋಮು ಮೆತ್ತಗಾಗಿ ಸೊಂಟ ಜಾರುತ್ತಿತ್ತು. "ಸುಖವಾಗಿರೋ ಸೀಟು ಬೇಡ ತಾತ, ಗಟ್ಟಿಯಾಗಿರೋದು ಬೇಕು," ಎಂದಳು. ನಲವತ್ತು ವರ್ಷದ ಕಸುಬಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ವಾರಕ್ಕೆರಡು ಸಲ ಥೆರಪಿ. ಅಲ್ಲಿ ಚಿಟಿಕೆ ಹೂವಿನಂತೆ ನುಂಗುತ್ತಿದ್ದಳು. ಮನೆಯಲ್ಲಿ ಅಮ್ಮನ ಕೈಯಲ್ಲೂ ಸರಿಯಾಗಿಯೇ ತಿನ್ನುತ್ತಿದ್ದಳು. ಆದರೂ ಸಂಜೆಯಾದರೆ ಗುಳುಗುಳು ದನಿ. ತೂಕ ಕದಲಲಿಲ್ಲ. ಒಂದು ತಿಂಗಳು ತುಂಬುವಷ್ಟರಲ್ಲಿ ಮತ್ತೆ ಜ್ವರ, ಮತ್ತೆ ಎದೆಯಲ್ಲಿ ಕಫ.

ಜ್ವರ ಬಿಟ್ಟ ಮೇಲೆ ಹೋದಾಗ ಸೊಸೆ ಚಮಚವನ್ನು ಮೇಡಂ ಮುಂದೆ ಇಟ್ಟಳು.

"ನನ್ನ ಕೈಲಾಗಲ್ಲ ಮೇಡಂ. ಅವತ್ತೂ ನನ್ನಿಂದಲೇ ಆಗಿದ್ದು. ಈಗಲೂ ಎಲ್ಲೋ ತಪ್ತಾ ಇದ್ದೀನಿ. ರಾತ್ರಿಯೆಲ್ಲ ಅವಳ ಉಸಿರು ಎಣಿಸ್ತೀನಿ. ಇನ್ನು ನಾನು ನನ್ನ ಮಗೂಗೆ ತಿನ್ನಿಸಲ್ಲ. ಮೂಗಿಂದ ಹೊಟ್ಟೆಗೆ ಟ್ಯೂಬ್ ಹಾಕಿಬಿಡಿ."

"ಟ್ಯೂಬು ಶಿಕ್ಷೆ ಅಲ್ಲಮ್ಮ. ಕೆಲವು ಮಕ್ಕಳಿಗೆ ಅದೇ ಬೇಕಾಗುತ್ತೆ, ಅದರಿಂದಲೇ ಬೆಳೀತಾರೆ. ಬೇಕು ಅಂದ್ರೆ ಡಾಕ್ಟರೇ ಹೇಳ್ತಾರೆ. ಆದ್ರೆ ನೀವು ತಿನ್ನಿಸೋದನ್ನ ನಾನೇ ನೋಡಿದ್ದೀನಿ, ತಪ್ಪೇ ಇಲ್ಲ. ಮನೇಲಿ ಬೇರೆ ಯಾರಾದ್ರೂ ತಿನ್ನಿಸ್ತಾರಾ?"

"ಇಲ್ಲ," ಎಂದಳು ಸೊಸೆ.

"ಇಲ್ಲವೇ ಇಲ್ಲ," ಎಂದೆ ನಾನು, ಇನ್ನೂ ಗಟ್ಟಿಯಾಗಿ.

ಮೇಡಂ ಕಪಾಟಿನಿಂದ ಒಂದು ಬಟ್ಟೆಯ ಬೊಂಬೆ, ಒಂದು ಖಾಲಿ ಬಟ್ಟಲು, ಒಂದು ಆಟದ ಚಮಚ ತಂದು ಚಿಟಿಕೆಯ ಮುಂದೆ ಇಟ್ಟಳು. "ಪಾಪೂಗೆ ಹಸಿವಾಗಿದೆ. ಮನೇಲಿ ಹೇಗೆ ಮಮ್ಮು ತಿಂತೀಯ, ಹಾಗೆ ತಿನ್ನಿಸ್ತೀಯಾ?"

ಚಿಟಿಕೆ ಬೊಂಬೆಯನ್ನು ನೆಟ್ಟಗೆ ಕೂರಿಸಿದಳು. ಪಾದ ಊರಿಸಿದಳು. ಚಮಚ ಕೊಟ್ಟಳು, ಕಾದಳು, ಮತ್ತೆ ಕೊಟ್ಟಳು. "ಅಮ್ಮ," ಎಂದಳು. ನನ್ನ ಎದೆ ನಿರಾಳವಾಯಿತು.

ಅಷ್ಟಕ್ಕೇ ಅವಳು ನಿಲ್ಲಲಿಲ್ಲ. ಬೊಂಬೆಯನ್ನು ಎತ್ತಿ ನನ್ನ ಮಡಿಲಿಗೆ ತಂದಳು. ಅಂಗಾತ ಮಲಗಿಸಿದಳು. ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಕಣ್ಣು ದೊಡ್ಡದು ಮಾಡಿ, ತನ್ನ ಬಾಯನ್ನು ಬಸ್ ನಿಲ್ದಾಣದಷ್ಟು ತೆರೆದು, "ತಿಮೀ...! ಆ...!" ಎಂದಳು. ಮರುಕ್ಷಣ ಚಮಚವನ್ನು ಬೊಂಬೆಯ ಬಾಯಿಗೆ ತುರುಕಿ, "ಗುಯುಂ!" ಎಂದು ನನ್ನ ಮುಖ ನೋಡಿ ನಕ್ಕಳು. "ತಾತ."

ಸೊಸೆ ನನ್ನನ್ನು ನೋಡಿದಳು. ಮೇಡಂ ನೋಡಿದಳು. ಬೊಂಬೆಯೂ ನನ್ನ ಮಡಿಲಲ್ಲಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ಮಾವ," ಎಂದಳು ಸೊಸೆ. "ಮೂರು ಗಂಟೆಗಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ಒಂದೂ ಬರಲಿಲ್ಲ.

"ದಿನಾ," ಎಂದೆ. "ನೀನು ಆ ಕಡೆ ಹೋದ ಮೇಲೆ. ಪರದೆ ಮೇಲೆ ಕಂಡ ಮೇಲೂ ಬಿಡಲಿಲ್ಲ, ಅರ್ಧ ಗಂಟೆಗೆ ನಿಲ್ಲಿಸೋ ನಿಮ್ಮ ಊಟದಲ್ಲಿ ಮಗೂಗೆ ಹೊಟ್ಟೆ ತುಂಬಲ್ಲ ಅಂತ. ರಾಜಾಸನದಲ್ಲಿ ಒರಗಿಸಿ ತಿಮಿಂಗಿಲದ ಕತೆ ಹೇಳ್ತಿದ್ದೆ. ಬೆರಗಾಗಿ ಬಾಯಿ ಬಿಟ್ಟಾಗ ಬ್ರೆಡ್ಡು ಹಾಲು ಇಡ್ತಿದ್ದೆ. ಕೆಮ್ಮದೆ ನುಂಗಿದ್ರೆ ಗೆದ್ದೆ ಅಂದ್ಕೊಳ್ತಿದ್ದೆ."

"ಅವತ್ತು?"

"ಅವತ್ತೂ ನಾನೇ ಕಣಮ್ಮ. ಮೊಳೆ ಹೊಡೀತಿರಲಿಲ್ಲ. ಚಮಚ ನನ್ನ ಕೈಲೇ ಇತ್ತು. ಕೆನ್ನೇಲಿ ಏನೂ ಉಳಿದಿರಲಿಲ್ಲ. ನೀನು ಸರಿಯಾಗೇ ನೋಡಿದ್ದೆ."

ಸೊಸೆ ಕುರ್ಚಿಯಲ್ಲಿ ಕುಸಿದಳು. ಒಂದು ತಿಂಗಳು ತನ್ನನ್ನೇ ಅಪರಾಧಿ ಮಾಡಿಕೊಂಡು ನಿದ್ದೆ ಬಿಟ್ಟವಳು ಅವಳು. ನನ್ನನ್ನು ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಚಿಟಿಕೆಯನ್ನು ಎತ್ತಿಕೊಂಡು, ಮೇಡಂ ಮುಂದೆ ಇಟ್ಟಿದ್ದ ಚಮಚವನ್ನು ತಿರುಗಿ ಕೈಗೆ ತೆಗೆದುಕೊಂಡಳು. ನಮ್ಮ ಬೀದಿಯಲ್ಲಿ ಬಸ್ಸಿಳಿದ ಮೇಲೆ ಹೇಳಿದಳು:

"ಕತೆ ಹೇಳಿ ಮಾವ, ಬೇಡ ಅನ್ನಲ್ಲ. ಆದ್ರೆ ಬಟ್ಟಲು ತೊಳೆದಿಟ್ಟ ಮೇಲೆ."

ಮನೆಗೆ ಬಂದವನೇ ರಾಜಾಸನದ ಹೊಲಿಗೆ ಬಿಚ್ಚಿದೆ. ಅದರ ಫೋಮು ಈಗ ಆಸ್ಪತ್ರೆಯ ಆ ಹರಿದ ಬೆಂಚಿನಲ್ಲಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ತಂದೆಯರೇ, ಎಲ್ಲರಿಗಿಂತ ಹೆಚ್ಚಾಗಿ ನನ್ನಂಥ ಸರ್ವಜ್ಞ ಅಜ್ಜ ಅಜ್ಜಿಯರೇ, ಕೈ ಮುಗಿದು ಕೇಳುತ್ತೇನೆ. ನಿಮ್ಮ ಮಗು ತಿನ್ನುವಾಗ, ಕುಡಿಯುವಾಗ ಪದೇ ಪದೇ ಕೆಮ್ಮುತ್ತದೆಯೇ? ಕುಡಿದ ಮೇಲೆ ದನಿ ಒದ್ದೆಯಾದ ಹಾಗೆ ಕೇಳುತ್ತದೆಯೇ? ಊಟ ಗಂಟೆಗಟ್ಟಲೆ ಹಿಡಿಯುತ್ತದೆಯೇ, ಮೈ ಹತ್ತುತ್ತಿಲ್ಲವೇ, ಎದೆಯಲ್ಲಿ ಮತ್ತೆ ಮತ್ತೆ ಕಫ ಕಟ್ಟುತ್ತದೆಯೇ? ಹಟ ಎನ್ನಬೇಡಿ. ತಾಯಿಯನ್ನು ದೂರಬೇಡಿ. ಡಾಕ್ಟರಿಗೆ ತೋರಿಸಿ, ನುಂಗುವುದಕ್ಕೂ ಥೆರಪಿ ಇದೆಯಂತೆ, ಎಲ್ಲಿ ಸಿಗುತ್ತದೆ ಎಂದು ಕೇಳಿ. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ಆ ಗಳಿಗೆಯಲ್ಲೇ ನೆರವಿಗೆ ಕೂಗಿ, ಆಸ್ಪತ್ರೆಗೆ ಓಡಿ. ಥೆರಪಿಯವರು ಹೇಳಿಕೊಟ್ಟದ್ದನ್ನು ಮನೆಯಲ್ಲಿ ಚಮಚ ಹಿಡಿಯುವ ಪ್ರತಿಯೊಬ್ಬರೂ ಕಲಿಯಿರಿ. ಒಬ್ಬರು ಕಲಿತು ಒಬ್ಬರು ಕದ್ದು ತಿನ್ನಿಸಿದರೆ ಏನಾಗುತ್ತದೆಂದು ನನ್ನನ್ನು ಕೇಳಿ.

ಚಿಟಿಕೆಗೆ ಥೆರಪಿ ಇನ್ನೂ ನಡೆಯುತ್ತಿದೆ. ಆ ದಿನದಿಂದ ಮೂರು ತಿಂಗಳಾಯಿತು, ಮತ್ತೆ ಆಸ್ಪತ್ರೆಯ ಮಂಚ ಹತ್ತಿಲ್ಲ. ಮೂರೇ ತಿಂಗಳಲ್ಲಿ ಹತ್ತು ಕಿಲೋ ಹೆಚ್ಚಿದ್ದಾಳೆ!

ಸೊಸೆ ತೂಕದ ಕಾರ್ಡು ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ.

ಸರಿ, ಎಂಟುನೂರು ಗ್ರಾಂ. ತಿಮಿಂಗಿಲವನ್ನು ನಾನು ನೋಡಿಲ್ಲ. ನಿಜ ಹೇಳಬೇಕೆಂದರೆ ಸಮುದ್ರವನ್ನೂ ನೋಡಿಲ್ಲ. ಆ ಎಂಟುನೂರು ಗ್ರಾಂ ಮಾತ್ರ ಕಣ್ಣಾರೆ ನೋಡಿದ್ದೇನೆ.